ಸಕ್ಕರೆ ಕಾಯಿಲೆ: ಮಾತ್ರೆ ಬಿಟ್ಟು ಕಷಾಯ ಹಿಡಿಯಬಹುದೇ? ಪ್ರಮೇಹದ ಪಥ್ಯ, ಮೂಲಿಕೆ ಮತ್ತು ನಡಿಗೆಯ ಚರ್ಚೆ

ತಿಪಟೂರಿನ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ 61 ವರ್ಷ. ಏಳು ವರ್ಷದಿಂದ ಶುಗರ್ ಇದೆ. ಎರಡು ಹೊತ್ತು ಮೆಟ್‌ಫಾರ್ಮಿನ್, ಬೆಳಿಗ್ಗೆ ಒಂದು ಗ್ಲಿಮೆಪಿರೈಡ್ ನುಂಗುತ್ತಾರೆ. ಕಳೆದ ತಿಂಗಳ ಪರೀಕ್ಷೆಯಲ್ಲಿ ಖಾಲಿ ಹೊಟ್ಟೆಯಲ್ಲಿ 172, ಊಟವಾದ ಎರಡು ಗಂಟೆಗೆ 260, ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ 8.4 ಬಂದಿದೆ. ಕೊಬ್ಬರಿ ಮಂಡಿಯಲ್ಲಿ ಬೆಳಿಗ್ಗೆ ಕೂತರೆ ಏಳುವುದು ಸಂಜೆಗೆ. ಮಧ್ಯಾಹ್ನ ಊಟವಾದ ಮೇಲೆ ಅಲ್ಲಿಯೇ ಒಂದು ನಿದ್ದೆ. ಸಕ್ಕರೆ ಬಿಟ್ಟಿದ್ದೇನೆ ಎನ್ನುತ್ತಾರೆ, ಆದರೆ ದಿನಕ್ಕೆ ನಾಲ್ಕು ಲೋಟ ಬೆಲ್ಲದ ಕಾಫಿ ತಪ್ಪುವುದಿಲ್ಲ.

ಪರಿಚಯದವರೊಬ್ಬರು ಒಂದು ಮಂಡಲ, ಅಂದರೆ 48 ದಿನ ಕುಡಿಯಬೇಕಾದ ಕಷಾಯದ ಪುಡಿ ಕೊಟ್ಟಿದ್ದಾರೆ. ಕುಡಿಯುವಷ್ಟು ದಿನ ಇಂಗ್ಲಿಷ್ ಮಾತ್ರೆಯನ್ನು ಮುಟ್ಟಲೇಬಾರದು ಎಂಬ ಷರತ್ತು ಬೇರೆ. ತಂದೆ ಒಪ್ಪಿಕೊಂಡು ಕೂತಿದ್ದಾರೆ. ನನಗೆ ಆಯುರ್ವೇದದ ಬಗ್ಗೆ ತಾತ್ಸಾರವಿಲ್ಲ. ನಮ್ಮ ಅಜ್ಜಿಯ ಕೈಮದ್ದಿನಲ್ಲಿಯೇ ಬೆಳೆದವಳು ನಾನು. ಆದರೂ ಈ ಷರತ್ತು ನನ್ನನ್ನು ಹೆದರಿಸಿದೆ. ಆಯುರ್ವೇದ ನಿಜಕ್ಕೂ ಹೀಗೆ ಹೇಳುತ್ತದೆಯೇ? ತಿಳಿದವರು ವಿವರವಾಗಿ ಬರೆದರೆ ಅವರಿಗೆ ಓದಿ ಹೇಳುತ್ತೇನೆ.

ಕರಾವಳಿಯ ವೈದ್ಯೆ

ನಾನು ಆಯುರ್ವೇದ ವೈದ್ಯೆ. ಹತ್ತೊಂಬತ್ತು ವರ್ಷದಿಂದ ರೋಗಿಗಳನ್ನು ನೋಡುತ್ತಿದ್ದೇನೆ. ಮಾತ್ರೆಯನ್ನು ದಿಢೀರನೆ ನಿಲ್ಲಿಸಿ ಎಂಬ ಷರತ್ತಿನೊಂದಿಗೆ ಬರುವ ಪುಡಿಯನ್ನು, ಅದರಲ್ಲಿ ಏನಿದೆ ಎಂದು ಕೇಳುವ ಮೊದಲೇ, ಪಕ್ಕಕ್ಕಿಡಿ. ಉಳಿದ ಮಾತು ಆಮೇಲೆ.

ಆಯುರ್ವೇದದ ಪ್ರಾಚೀನ ಗ್ರಂಥವಾದ ಚರಕ ಸಂಹಿತೆ ಪ್ರಮೇಹವನ್ನು, ಅಂದರೆ ಮಧುಮೇಹವೂ ಸೇರಿದ ಮೂತ್ರದೋಷದ ಕಾಯಿಲೆಗಳನ್ನು, ಇಪ್ಪತ್ತು ಬಗೆಯಾಗಿ ವಿಂಗಡಿಸುತ್ತದೆ: ಕಫದಿಂದ ಹತ್ತು, ಪಿತ್ತದಿಂದ ಆರು, ವಾತದಿಂದ ನಾಲ್ಕು. ಮಧುಮೇಹ ಈ ಕೊನೆಯ ಗುಂಪಿಗೆ ಸೇರಿದ್ದು, ಗುಣಪಡಿಸಲು ಅಸಾಧ್ಯವೆಂದೇ ಶಾಸ್ತ್ರ ಹೇಳುವಂಥದ್ದು. ರೋಗದ ಕಾರಣಗಳನ್ನು ಹೇಳುವ ಶ್ಲೋಕದಲ್ಲಿ ಮೊಟ್ಟಮೊದಲು ಬರುವುದು ಯಾವ ತಿನಿಸೂ ಅಲ್ಲ, ಕೂತಲ್ಲೇ ಕೂರುವ ಸುಖ. ಎರಡನೆಯದು ನಿದ್ರೆಯ ಸುಖ. ಮೊಸರು, ಹಾಲು, ಹೊಸ ಧಾನ್ಯ, ಬೆಲ್ಲದಿಂದ ಮಾಡಿದ ತಿನಿಸು ಎಲ್ಲವೂ ಆ ಎರಡರ ನಂತರ ಬರುತ್ತವೆ. ತಂದೆಯವರ ದಿನಚರಿಯನ್ನು ನೀವು ಬರೆದ ರೀತಿ ನೋಡಿದರೆ ಆ ಶ್ಲೋಕವನ್ನೇ ಎದುರಿಗಿಟ್ಟುಕೊಂಡು ಬರೆದಂತಿದೆ. ಬೆಲ್ಲ ನೈಸರ್ಗಿಕ, ಆದ್ದರಿಂದ ಆಯುರ್ವೇದ ಒಪ್ಪುತ್ತದೆ ಎಂದು ಹೇಳುವವರು ಆ ಸಾಲನ್ನು ಒಮ್ಮೆ ಓದಬೇಕು. ಬೆಲ್ಲದ ಬಹುಪಾಲು ಸುಕ್ರೋಸ್, ಅಂದರೆ ಸಕ್ಕರೆಯೇ ಎಂದು ಇವತ್ತಿನ ಪ್ರಯೋಗಾಲಯ ಹೇಳುವುದಕ್ಕೂ ಅದಕ್ಕೂ ಜಗಳವೇನೂ ಇಲ್ಲ.

ಇನ್ನೊಬ್ಬ ಪ್ರಾಚೀನ ವೈದ್ಯ ಸುಶ್ರುತ ಇನ್ನೂ ಖಾರವಾಗಿ ಮಾತಾಡುತ್ತಾನೆ. ಹುಟ್ಟಿನಿಂದ ಬಂದ ಪ್ರಮೇಹ, ಅಪಥ್ಯದಿಂದ ಬಂದ ಪ್ರಮೇಹ ಎಂದು ಅವನು ಎರಡಾಗಿ ಬೇರ್ಪಡಿಸುತ್ತಾನೆ. ಬಡ ರೋಗಿಗೆ ಅವನು ಹೇಳುವ ಚಿಕಿತ್ಸೆ ಕೇಳಿ: ಚಪ್ಪಲಿ, ಕೊಡೆ ಬಿಟ್ಟು, ಭಿಕ್ಷೆಯ ಅನ್ನ ಉಣ್ಣುತ್ತಾ, ಒಂದು ಊರಿನಲ್ಲಿ ಒಂದೇ ರಾತ್ರಿ ತಂಗುತ್ತಾ ನೂರು ಯೋಜನ (ದೂರದ ಹಳೆಯ ಅಳತೆ) ನಡೆಯಬೇಕು; ಇಲ್ಲವೇ ಉಳಬೇಕು, ಬಾವಿ ತೋಡಬೇಕು. ಔಷಧಿಗೆ ದುಡ್ಡಿಲ್ಲದವನಿಗೆ ಹೇಳಿದ ಉಪಾಯ ಎಂದು ನಮ್ಮ ವಿದ್ಯಾರ್ಥಿಗಳು ನಗುತ್ತಾರೆ, ನನಗೆ ಅದೇ ಮುಖ್ಯ ಚಿಕಿತ್ಸೆಯಾಗಿ ಕಾಣುತ್ತದೆ. ಆದರೆ ಚಪ್ಪಲಿ ಬಿಡುವ ಭಾಗವನ್ನು ದಯವಿಟ್ಟು ಪಾಲಿಸಬೇಡಿ. ವರ್ಷಗಟ್ಟಲೆ ಶುಗರ್ ಇದ್ದವರ ಪಾದದಲ್ಲಿ ಸ್ಪರ್ಶಜ್ಞಾನ ಕಡಿಮೆಯಾಗಿರುತ್ತದೆ, ಮುಳ್ಳು ಚುಚ್ಚಿದ್ದು ತಿಳಿಯದೆ ಹುಣ್ಣಾಗಿ, ಬೆರಳು ಕಳೆದುಕೊಂಡವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು ವಿಷಯ ಜನ ಮರೆಯುವುದು. ಸ್ಥೂಲ ರೋಗಿ ಮತ್ತು ಕೃಶ ರೋಗಿ ಇಬ್ಬರಿಗೂ ಶಾಸ್ತ್ರದಲ್ಲಿ ಒಂದೇ ಚಿಕಿತ್ಸೆಯಿಲ್ಲ. ಸ್ಥೂಲನಿಗೆ ಶೋಧನ (ದೇಹಶುದ್ಧಿ) ಮತ್ತು ಲಂಘನ (ಮೈ ಹಗುರ ಮಾಡುವ ಉಪವಾಸ), ಕೃಶನಿಗೆ ಪೋಷಣೆ. ತೂಕ ಇಳಿಯುತ್ತಾ ಬಂದ ದುರ್ಬಲರು ಯಾರದೋ ವಿಡಿಯೊ ನೋಡಿ ಉಪವಾಸ ಹಿಡಿದರೆ ಅದು ಆಯುರ್ವೇದವೂ ಅಲ್ಲ. ತಂದೆಯವರ ತೂಕ, ಸೊಂಟದ ಸುತ್ತಳತೆ, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಎಷ್ಟಿದೆ ಎಂದು ತಿಳಿಸಿದರೆ ಮುಂದೆ ಬರೆಯುತ್ತೇನೆ.

ಮುದ್ದೆಪ್ರಿಯ ಮೇಷ್ಟ್ರು

ನಾನು ನಾಗಮಂಗಲದ ಕಡೆಯ ನಿವೃತ್ತ ಶಿಕ್ಷಕ. ಹನ್ನೊಂದು ವರ್ಷದಿಂದ ಈ ಕಾಯಿಲೆಯ ಜೊತೆ ಸಂಸಾರ ಮಾಡುತ್ತಿದ್ದೇನೆ. ರಾಗಿಯ ಬಗ್ಗೆ ಒಂದು ಮಾತು ಹೇಳಬೇಕು. ಇದನ್ನು ಬರೆಯಲು ನನಗೇ ಸ್ವಲ್ಪ ಸಂಕಟ.

ಶುಗರ್ ಬಂದಿದೆ ಎಂದು ತಿಳಿದ ದಿನವೇ ನಾನು ಅನ್ನ ಬಿಟ್ಟು, ಎರಡು ಹೊತ್ತೂ ಎರಡೆರಡು ಮುದ್ದೆ ಉಣ್ಣತೊಡಗಿದೆ. ರಾಗಿ ತಿಂದವನಿಗೆ ರೋಗವಿಲ್ಲ ಎಂದು ಕೇಳಿಕೊಂಡೇ ಬೆಳೆದ ನಾಡು ನಮ್ಮದು. ಮೂರು ತಿಂಗಳಾದರೂ ಸಂಖ್ಯೆ ಇಳಿಯಲಿಲ್ಲ. ಮಗ ಗ್ಲುಕೋಮೀಟರ್ ತಂದುಕೊಟ್ಟ ಮೇಲೆ ಗುಟ್ಟು ರಟ್ಟಾಯಿತು. ಎರಡು ಮುದ್ದೆ, ಸೊಪ್ಪಿನ ಸಾರು ಉಂಡು ಎರಡು ಗಂಟೆಗೆ ನೋಡಿದರೆ 236. ಮರುದಿನ ಹಿಟ್ಟನ್ನು ತೂಗಿದೆ. ನಮ್ಮ ಮನೆಯ ಒಂದು ಮುದ್ದೆಗೆ ಹೆಚ್ಚುಕಡಿಮೆ 100 ಗ್ರಾಂ ಹಿಟ್ಟು ಬೀಳುತ್ತಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಶರ್ಕರಪಿಷ್ಟ, ಬಿಳಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ. ರಾಗಿಯಲ್ಲಿ ನಾರು 11 ಗ್ರಾಂ, ಅಕ್ಕಿಯಲ್ಲಿ ಮೂರಕ್ಕಿಂತ ಕಡಿಮೆ. ರಾಗಿ ಮೇಲು, ಅದರಲ್ಲಿ ಅನುಮಾನವಿಲ್ಲ. ಆದರೆ ಎರಡು ಮುದ್ದೆಯೆಂದರೆ 130 ಗ್ರಾಂಗೂ ಹೆಚ್ಚು ಶರ್ಕರಪಿಷ್ಟ ಒಂದೇ ಸಲಕ್ಕೆ ಹೊಟ್ಟೆಗೆ ಇಳಿದಂತೆ. ಅಕ್ಕಿಗಿಂತ ಒಳ್ಳೆಯದು ಎಂಬುದು ಎಷ್ಟು ಬೇಕಾದರೂ ಉಣ್ಣುವುದಕ್ಕೆ ಪರವಾನಗಿಯಲ್ಲ.

ಈಗ ಒಂದೇ ಮುದ್ದೆ, ಅದೂ ಚಿಕ್ಕದು. ಜೊತೆಗೆ ಹುರುಳಿಕಾಳು ಅಥವಾ ಹೆಸರುಕಾಳಿನ ಬಸ್ಸಾರಿನಲ್ಲಿ ಪಲ್ಯವೇ ತಟ್ಟೆಯ ಅರ್ಧ. ಎರಡು ಗಂಟೆಗೆ 160ರ ಆಸುಪಾಸು ನಿಲ್ಲುತ್ತದೆ. ನುಣ್ಣಗೆ ಬೀಸಿದ ಹಿಟ್ಟಿನ ರಾಗಿ ಮಾಲ್ಟ್ ಮತ್ತು ಗಂಜಿ ಮುದ್ದೆಗಿಂತಲೂ ಬೇಗ ಏರಿಸುತ್ತವೆ. ಇದು ನನ್ನ ಬೆರಳ ತುದಿಯ ರಕ್ತ ಹೇಳಿದ್ದು.

ನೇರನುಡಿ

ಎಲ್ಲರೂ ಮಾತ್ರೆ ಬಿಡಬೇಡಿ ಎಂದೇ ಹೇಳುತ್ತೀರಿ. ನನ್ನ ಸೋದರಮಾವ ಮೂರು ವರ್ಷದ ಕೆಳಗೆ ಎಲ್ಲ ಮಾತ್ರೆ ಬಿಟ್ಟರು. ಮಧುನಾಶಿನಿ ಎಲೆ, ಹಾಗಲಕಾಯಿ ರಸ, ನೇರಳೆ ಬೀಜದ ಪುಡಿ, ಅಷ್ಟೇ. ಈಗ ಎಚ್‌ಬಿಎ1ಸಿ 6.1. ಜೀವನಪರ್ಯಂತ ಮಾತ್ರೆ ನುಂಗಿಸುವುದು ಔಷಧ ಕಂಪನಿಗಳ ವ್ಯವಹಾರ. ಬೇವು, ಅಮೃತಬಳ್ಳಿ ಹಿತ್ತಲಲ್ಲಿಯೇ ಬೆಳೆಯುವಾಗ ಅವರಿಗೆ ಲಾಭ ಎಲ್ಲಿಂದ ಬರಬೇಕು?

ಔಷಧದಂಗಡಿ

ನಾನು ಫಾರ್ಮಸಿಸ್ಟ್, ಮೂವತ್ತು ವರ್ಷದಿಂದ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ನಿಂತಿದ್ದೇನೆ. ನೇರನುಡಿಯವರ ಮಾವನವರ ವಿಷಯ ಸುಳ್ಳೆಂದು ನಾನು ಹೇಳುವುದಿಲ್ಲ. ಒಂದು ಪ್ರಶ್ನೆ ಮಾತ್ರ: ಆ ಮೂರು ವರ್ಷದಲ್ಲಿ ಅವರ ತೂಕ ಎಷ್ಟು ಇಳಿಯಿತು? ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಡೈರೆಕ್ಟ್ ಎಂಬ ಅಧ್ಯಯನದಲ್ಲಿ ಕಡಿಮೆ ಕ್ಯಾಲೊರಿಯ ಆಹಾರದಿಂದ ತೂಕ ಇಳಿಸಿದವರಲ್ಲಿ ನೂರಕ್ಕೆ 46 ಮಂದಿಗೆ ಒಂದು ವರ್ಷದ ಹೊತ್ತಿಗೆ ಯಾವ ಮಾತ್ರೆಯೂ ಇಲ್ಲದೆ ಸಕ್ಕರೆ ಮಧುಮೇಹದ ಮಟ್ಟಕ್ಕಿಂತ ಕೆಳಗಿತ್ತು. ಆದರೆ ರೋಗ ಗುರುತಾಗಿ ಆರು ವರ್ಷ ದಾಟದವರನ್ನು, ಇನ್ಸುಲಿನ್ ಹಾಕಿಕೊಳ್ಳದವರನ್ನು ಮಾತ್ರ ಅದಕ್ಕೆ ಆರಿಸಿದ್ದರು, ಮಾತ್ರೆ ನಿಲ್ಲಿಸಿದ್ದೂ ವೈದ್ಯರ ಕಣ್ಣೆದುರು. ಹಾಗಾಗಿ ಮಾವನವರಲ್ಲಿ ಕೆಲಸ ಮಾಡಿದ್ದು ನೇರಳೆ ಬೀಜವೋ ಬಿಟ್ಟ ಅನ್ನವೋ ಹೇಳುವುದು ಸುಲಭವಲ್ಲ.

ಗಿಡಮೂಲಿಕೆಗೆ ಕಂಪನಿಗಳು ಬೆನ್ನು ತಿರುಗಿಸಿವೆ ಎಂಬುದೂ ಪೂರ್ತಿ ನಿಜವಲ್ಲ. ಮೆಟ್‌ಫಾರ್ಮಿನ್‌ನ ವಂಶವೃಕ್ಷವೇ ಗಲೇಗಾ ಎಂಬ ಯುರೋಪಿನ ಗಿಡದಿಂದ ಶುರುವಾಗುತ್ತದೆ. 1957ರಿಂದ ಬಳಕೆಯಲ್ಲಿರುವ, ಬಹಳ ಅಗ್ಗದ ಮಾತ್ರೆ ಅದು.

ನನಗೆ ಭಯವಿರುವುದು ಗ್ಲಿಮೆಪಿರೈಡ್ ಬಗ್ಗೆ. ತಿಪಟೂರಿನವರು ಗಮನಿಸಬೇಕು. ಅದು ಮೇದೋಜೀರಕ ಗ್ರಂಥಿಯನ್ನು ತಟ್ಟಿ ಇನ್ಸುಲಿನ್ ಹೊರಡಿಸುವ ಮಾತ್ರೆ. ಅದರ ಜೊತೆಗೆ ಮಧುನಾಶಿನಿ, ಹಾಗಲ ರಸ, ಮೆಂತ್ಯ ಎಲ್ಲವನ್ನೂ ಒಟ್ಟಿಗೆ ಶುರು ಮಾಡಿ, ಊಟವನ್ನೂ ಕಡಿಮೆ ಮಾಡಿದರೆ ಸಕ್ಕರೆ 70ಕ್ಕಿಂತ ಕೆಳಗೆ ಜಾರಬಹುದು. ಬೆವರು, ಕೈನಡುಕ, ವಿಪರೀತ ಹಸಿವು, ಮಾತು ತಡವರಿಸುವುದು ಕಂಡರೆ ಕೂಡಲೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು; ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಅದರ ಬೆನ್ನಿಗೇ ಮೆಂತ್ಯದ ನೀರು ಕುಡಿಯಬಾರದು, ಅದರ ನಾರು ಮಾತ್ರೆಯನ್ನು ಹೀರಲು ಬಿಡುವುದಿಲ್ಲ.

ರಸಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಸೋರೆಕಾಯಿ ಕಹಿಯಾಗಿದ್ದರೆ ಒಂದು ಗುಟುಕೂ ಬೇಡ. ಕಹಿ ಸೋರೆಯಲ್ಲಿರುವ ಕುಕುರ್ಬಿಟಾಸಿನ್ ರಕ್ತವಾಂತಿ ತರಿಸುತ್ತದೆ. ನಮ್ಮ ದೇಶದಲ್ಲಿ ಸಾವುಗಳಾದ ಮೇಲೆಯೇ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಎಚ್ಚರಿಕೆ ಕೊಟ್ಟದ್ದು. ಕೊಲೆಸ್ಟರಾಲ್ ಇಳಿಯಲೆಂದು ಬಿಂಬುಳಿ ಎಂಬ ಹುಳಿಕಾಯಿಯ ರಸವನ್ನು ಲೋಟಗಟ್ಟಲೆ ಕುಡಿದು ಕಿಡ್ನಿ ಕೆಡಿಸಿಕೊಂಡವರ ಪ್ರಕರಣಗಳು ಕೇರಳದಲ್ಲಿ ದಾಖಲಾಗಿವೆ. ಹಿತ್ತಲ ಗಿಡವೆಂದ ಮಾತ್ರಕ್ಕೆ ಅದಕ್ಕೆ ಅಳತೆ ಬೇಡವೆಂದಲ್ಲ.

ಎಡಿಸನ್ ಕನ್ನಡಿಗ

ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ಇಲ್ಲಿನ ಭಾರತೀಯ ಅಂಗಡಿಗಳಲ್ಲಿ ಡಯಾಬಿಟಿಸ್ ಪುಡಿಗಳ ಕಪಾಟೇ ಇರುತ್ತದೆ. ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 2008ರಲ್ಲಿ ಬಂದ ಅಧ್ಯಯನವೊಂದರಲ್ಲಿ, ಇಂಟರ್‌ನೆಟ್ ಮೂಲಕ ಮಾರುವ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ ಐದರಲ್ಲಿ ಒಂದರಷ್ಟರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಅವುಗಳಲ್ಲಿ ಭಾರತದಲ್ಲಿ ತಯಾರಾದವೂ ಇದ್ದವು, ಅಮೆರಿಕದಲ್ಲಿ ತಯಾರಾದವೂ ಇದ್ದವು. ಗಿಡಮೂಲಿಕೆ ಮಾತ್ರ ಎಂದು ಬರೆದ ಪುಡಿಗೆ ಸಕ್ಕರೆ ಇಳಿಸುವ ಇಂಗ್ಲಿಷ್ ಮಾತ್ರೆ ಗ್ಲಿಬೆನ್‌ಕ್ಲಮೈಡ್ ಬೆರೆಸಿದ ಪ್ರಕರಣಗಳೂ ಅನೇಕ ದೇಶಗಳಲ್ಲಿ ಸಿಕ್ಕಿವೆ. ಹೆಸರಿಲ್ಲದ ಪುಡಿಯೊಂದು ವಾರದೊಳಗೆ ಪವಾಡ ಮಾಡಿದರೆ ಸಂತೋಷಪಡುವ ಮೊದಲು ಅದನ್ನೇ ಅನುಮಾನಿಸಬೇಕು. ಭಾರತದಲ್ಲಿಯೂ ಮಧುಮೇಹ ಗುಣಪಡಿಸುತ್ತೇನೆಂದು ಜಾಹೀರಾತು ಕೊಡುವುದಕ್ಕೆ 1954ರ ಕಾಯ್ದೆಯಡಿಯಲ್ಲಿ ನಿಷೇಧವಿದೆ. ಗೋಡೆಬರಹಗಳನ್ನು ನೋಡಿದರೆ ಹಾಗೆ ಅನಿಸುವುದಿಲ್ಲ, ಅದು ಬೇರೆ ಮಾತು.

ಧಾರವಾಡದ ತಾಯಿ

ಒಂದೇ ಮಾತು ಸೇರಿಸುತ್ತೇನೆ. ನನ್ನ ಮಗನಿಗೆ ಒಂಬತ್ತು ವರ್ಷವಿದ್ದಾಗ ಟೈಪ್ 1 ಮಧುಮೇಹ ಬಂತು. ಈ ಚರ್ಚೆಯಲ್ಲಿ ಬರೆದದ್ದೆಲ್ಲ ದೊಡ್ಡವರಲ್ಲಿ ಹೆಚ್ಚಾಗಿ ಕಾಣುವ ಟೈಪ್ 2ಕ್ಕೆ ಸಂಬಂಧಿಸಿದ್ದು ಎಂದು ದಯವಿಟ್ಟು ಸ್ಪಷ್ಟವಾಗಿ ಹೇಳಿ. ಇಂತಹ ಮಕ್ಕಳ ದೇಹದಲ್ಲಿ ಇನ್ಸುಲಿನ್ ಹುಟ್ಟುವುದೇ ಇಲ್ಲ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಹದಿನಾಲ್ಕು ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚುವವರೆಗೆ ಇಂಥ ಮಕ್ಕಳು ಬದುಕುತ್ತಲೇ ಇರಲಿಲ್ಲ. ನಮ್ಮ ಬಂಧುಗಳೊಬ್ಬರು ಎರಡು ದಿನ ಇನ್ಸುಲಿನ್ ಬಿಟ್ಟು ಬೇವಿನ ರಸ ಕೊಡಿ ಎಂದಿದ್ದರು. ಕೊಡಲಿಲ್ಲ. ಮಗ ಈಗ ಪಿಯುಸಿ ಓದುತ್ತಿದ್ದಾನೆ.

ಕರಾವಳಿಯ ವೈದ್ಯೆ

ಧಾರವಾಡದ ತಾಯಿ ಹೇಳಿದ್ದನ್ನು ನಾನು ಮೊದಲೇ ಬರೆಯಬೇಕಿತ್ತು. ಗರ್ಭಿಣಿಯರಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ತಿಪಟೂರಿನವರು ಖಾಸಗಿಯಾಗಿ ಕಳಿಸಿದ ವಿವರದಂತೆ ತಂದೆಯವರು ಸ್ಥೂಲರು, ಕಿಡ್ನಿ ಸರಿಯಿದೆ. ಮೂಲಿಕೆಗಳ ವಿಷಯಕ್ಕೆ ಬರುತ್ತೇನೆ. ಪ್ರಮೇಹಕ್ಕೆ ಶ್ರೇಷ್ಠವಾದದ್ದು ಯಾವುದೆಂದು ಕೇಳಿದರೆ ಮತ್ತೊಬ್ಬ ಪ್ರಾಚೀನ ವೈದ್ಯ ವಾಗ್ಭಟನ ಉತ್ತರ ನೆಲ್ಲಿ ಮತ್ತು ಅರಿಸಿನ. ಇದೇ ನಿಶಾಮಲಕಿ, ನಾವು ಹೆಚ್ಚಾಗಿ ಕೊಡುವುದೂ ಇದನ್ನೇ. ಮಧುನಾಶಿನಿಯ ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು ತಿಂದಂತಿರುತ್ತದೆ. ಅದರಲ್ಲಿರುವ ಜಿಮ್ನೆಮಿಕ್ ಆಮ್ಲಗಳು ನಾಲಿಗೆಯ ಸಿಹಿಗ್ರಾಹಕಗಳನ್ನು ಕೆಲಹೊತ್ತು ಮುಚ್ಚಿಬಿಡುತ್ತವೆ. ಸಿಹಿಯ ಚಪಲ ಇರುವವರಿಗೆ ಆ ಗುಣವೇ ದೊಡ್ಡ ಉಪಕಾರ. ಹೊನ್ನೆ ಮರದ ಬಗ್ಗೆ ವೈದ್ಯಕೀಯ ಸಂಶೋಧನಾ ಪರಿಷತ್ತು ಹಲವು ಕೇಂದ್ರಗಳಲ್ಲಿ ಪ್ರಯೋಗ ನಡೆಸಿ 1998ರಲ್ಲಿ ಪ್ರಕಟಿಸಿತು. ಹೊಸದಾಗಿ ರೋಗ ಬಂದವರಲ್ಲಿ ಫಲ ಆಶಾದಾಯಕವಾಗಿತ್ತು. ಆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟರೆ ಬೆಳಿಗ್ಗೆ ನೀಲಿ ಹೊಳಪು ಬರುವುದು ಚೆಂದವೇ, ಆದರೆ ಪ್ರಯೋಗದಲ್ಲಿ ಕೊಟ್ಟದ್ದು ಅಳತೆ ಮಾಡಿದ ಸಾರ, ಲೋಟದ ನೀರಲ್ಲ. ಮೆಂತ್ಯಕ್ಕೆ ಆಧಾರ ಇವೆಲ್ಲಕ್ಕಿಂತ ಗಟ್ಟಿ. ದಿನಕ್ಕೆ 25 ಗ್ರಾಂನಷ್ಟು ನೆನೆಸಿ ಅಥವಾ ಪುಡಿ ಮಾಡಿ ಊಟದೊಂದಿಗೆ ತಿನ್ನಬೇಕೆಂದು ಪೋಷಣಾ ಸಂಸ್ಥೆಯ ಸಂಶೋಧಕರು ಸೂಚಿಸಿದ್ದರು. ಬರೀ ನೀರು ಕುಡಿದು ಕಾಳು ಚೆಲ್ಲುವವರು ಕೆಲಸ ಮಾಡುವ ನಾರನ್ನೇ ಚೆಲ್ಲುತ್ತಿದ್ದಾರೆ. ಹಾಗಲಕಾಯಿ ಪಲ್ಯ ತರಕಾರಿಯಾಗಿ ಉತ್ತಮ, ಔಷಧಿಯಾಗಿ ಸಾಕ್ಷ್ಯ ಸಾಲದೆಂದು, ಹಲವು ಪ್ರಯೋಗಗಳನ್ನು ಒಟ್ಟಿಗಿಟ್ಟು ತೂಗುವ ಕಾಕ್ರೇನ್ ವಿಮರ್ಶೆ 2012ರಲ್ಲಿ ಹೇಳಿತು. ಹಾಗಲವನ್ನು ಬಹಳ ಹೊಗಳುತ್ತಿದ್ದ ನಾನು ಅದನ್ನು ಒಪ್ಪಲು ಒಂದೆರಡು ವರ್ಷ ಹಿಡಿಯಿತು.

ಇವೆಲ್ಲದರ ಬೆಲೆ ತಟ್ಟೆ ಮತ್ತು ಕಾಲು ಸರಿಯಾದ ಮೇಲೆ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ತಡೆಗಟ್ಟುವಿಕೆಯ ಅಧ್ಯಯನದಲ್ಲಿ, ಮಧುಮೇಹದ ಅಂಚಿನಲ್ಲಿದ್ದವರಿಗೆ ಆಹಾರ ಮತ್ತು ವ್ಯಾಯಾಮದಿಂದ ಅಪಾಯ ನೂರಕ್ಕೆ 58ರಷ್ಟು ತಗ್ಗಿತು, ಮೆಟ್‌ಫಾರ್ಮಿನ್‌ನಿಂದ 31ರಷ್ಟು. ಚೆನ್ನೈಯ ತಂಡ ನಮ್ಮವರ ಮೇಲೆಯೇ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದು 28.5 ಮತ್ತು 26.4. ನಮ್ಮವರಲ್ಲಿ ಲಾಭ ಕಡಿಮೆಯಾದರೂ ಕ್ರಮ ಅದೇ. ಉಂಡು ನೂರಡಿ ಇಡಬೇಕೆಂಬ ಹಳೆಯ ಮಾತಿಗೆ ಶರೀರಶಾಸ್ತ್ರದ ಆಧಾರವಿದೆ: ದುಡಿಯುವ ಸ್ನಾಯು ಇನ್ಸುಲಿನ್ನಿಗೆ ಕಾಯದೆ ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಬೆಳಗಿನ ಒಂದು ಗಂಟೆಯ ನಡಿಗೆ ಸಾಧ್ಯವಿಲ್ಲದಿದ್ದರೆ ಪ್ರತಿ ಊಟದ ಬೆನ್ನಿಗೆ ಹದಿನೈದು ನಿಮಿಷ ಸಾಕು. ಮಂಡಿಯಲ್ಲಿ ಮಧ್ಯಾಹ್ನದ ನಿದ್ದೆಯ ಜಾಗಕ್ಕೆ ಅದನ್ನೇ ತನ್ನಿ. ಆಸನ, ಪ್ರಾಣಾಯಾಮ ಅವರಿಗೆ ಹಿಡಿಸಿದರೆ ಮಾಡಲಿ, ಒತ್ತಡ ಮತ್ತು ನಿದ್ರೆ ಎರಡಕ್ಕೂ ಒಳ್ಳೆಯದು, ಆದರೆ ನಡಿಗೆಗೆ ಬದಲಿಯಾಗಿ ಬೇಡ.

ಊಟಕ್ಕೆ ಚರಕನ ಮೊದಲ ಆಯ್ಕೆ ಜವೆ, ಅಂದರೆ ಬಾರ್ಲಿ. ನಿಮ್ಮ ಕಡೆ ಅದಕ್ಕೆ ಬದಲು ಸಿರಿಧಾನ್ಯ, ಹುರುಳಿ, ಹೆಸರು, ಸೊಪ್ಪು. ಮೂಲಿಕೆಯಲ್ಲಿ ನಿಶಾಮಲಕಿ ಒಂದೇ ಸಾಕು. ಅದನ್ನು ಶುರು ಮಾಡಿದ್ದನ್ನು ಮಾತ್ರೆ ಬರೆದ ವೈದ್ಯರಿಗೆ ತಿಳಿಸಿ. ಮಾತ್ರೆ ಇಳಿಸುವುದನ್ನು ಅವರೇ ತೀರ್ಮಾನಿಸಲಿ, ಗ್ಲುಕೋಮೀಟರಿನ ಪುಸ್ತಕ ಕೈಯಲ್ಲಿ ಹಿಡಿದು.

ನೇರನುಡಿ

ಮಾವನವರನ್ನು ಕೇಳಿದೆ. 14 ಕಿಲೋ ಇಳಿದಿದ್ದಾರಂತೆ, ರಾತ್ರಿ ಊಟ ಏಳು ಗಂಟೆಯೊಳಗೆ ಮುಗಿಸಿ ತೋಟಕ್ಕೆ ಒಂದು ಸುತ್ತು ಹಾಕುತ್ತಾರಂತೆ. ನೇರಳೆ ಬೀಜದ ಪುಡಿ ಖಾಲಿಯಾಗಿ ಆರು ತಿಂಗಳಾಯಿತಂತೆ, ಅದನ್ನು ನನಗೆ ಹೇಳಿರಲಿಲ್ಲ.

ತಿಪಟೂರಿನ ಮಗಳು

ಮೂರೂವರೆ ತಿಂಗಳ ನಂತರ ಮತ್ತೆ ಬರೆಯುತ್ತಿದ್ದೇನೆ. ಕಷಾಯದ ಪುಡಿ ಪೊಟ್ಟಣ ಬಿಚ್ಚಲೇ ಇಲ್ಲ. ತಂದೆಯವರನ್ನು ಒಪ್ಪಿಸಿದ್ದು ನನ್ನ ವಾದವಲ್ಲ, ಬೆಲ್ಲ ಬೇಡವೆಂದು ಚರಕನೇ ಹೇಳಿದ್ದಾನೆ ಎಂಬ ಮಾತು. ಡಾಕ್ಟರ್ ಹೇಳಿದಾಗ ಕೇಳದವರು ಅದಕ್ಕೆ ಸುಮ್ಮನಾದರು. ಕಾಫಿ ಈಗ ಎರಡು ಲೋಟ, ಸಪ್ಪೆ. ಮಧ್ಯಾಹ್ನ ಊಟವಾದ ಮೇಲೆ ಮಂಡಿಯ ಸಾಲನ್ನು ಎರಡು ಸುತ್ತು ಹಾಕುತ್ತಾರೆ. ತೂಕ 5 ಕಿಲೋ ಇಳಿದಿದೆ, ಎಚ್‌ಬಿಎ1ಸಿ 7.3. ಎರಡನೇ ತಿಂಗಳು ಒಂದು ಸಂಜೆ ಬೆವರಿ ಕೈ ನಡುಗಿತು, ನೋಡಿದರೆ 66. ಔಷಧದಂಗಡಿಯವರು ಬರೆದಂತೆ ಸಕ್ಕರೆ ನೀರು ಕೊಟ್ಟೆವು. ಮರುದಿನವೇ ವೈದ್ಯರು ಗ್ಲಿಮೆಪಿರೈಡನ್ನು ಅರ್ಧಕ್ಕೆ ಇಳಿಸಿದರು. ಮೆಟ್‌ಫಾರ್ಮಿನ್ ಹಾಗೆಯೇ ಇದೆ.

ಒಂದು ತೊಡಕು ಉಳಿದಿದೆ. ಇಲ್ಲಿ ಅಂಗಡಿಯಲ್ಲಿ ತಂದ ನವಣೆ ಅಕ್ಕಿ ಉಂಡಾಗ ಸಂಖ್ಯೆ ಬಿಳಿ ಅನ್ನದಷ್ಟೇ ಏರುತ್ತಿದೆ. ಏಕಿರಬಹುದು?

ಹೊಸದುರ್ಗದ ರೈತ

ನಾವು ಸಾಮೆ, ನವಣೆ ಬೆಳೆಯುವವರು. ನೀವು ತಂದದ್ದು ಬೆಳ್ಳಗೆ ಹೊಳೆಯುತ್ತಿದ್ದರೆ ಅದನ್ನು ಪಾಲಿಶ್ ಮಾಡಿದ್ದಾರೆ, ತೌಡು ಹೋಗಿ ಉಳಿದಿರುವುದು ಪಿಷ್ಟ. ಸಿಪ್ಪೆ ಮಾತ್ರ ತೆಗೆದ ನವಣೆ ಮಾಸಲು ಹಳದಿಯಾಗಿರುತ್ತದೆ, ಕೈಯಲ್ಲಿ ಉಜ್ಜಿದರೆ ಸ್ವಲ್ಪ ಪುಡಿ ಅಂಟುತ್ತದೆ, ಬೇಗ ಹುಳು ಹಿಡಿಯುತ್ತದೆ. ಅಂಗಡಿಯವರಿಗೆ ಅದು ಬೇಡವಾಗಿರುವುದು ಇದೇ ಕಾರಣಕ್ಕೆ. ನಿಮ್ಮ ಸೀಮೆಯಲ್ಲಿ ಕೊರಲೆ ಎಂಬ ಸಿರಿಧಾನ್ಯ ಬೆಳೆಯುವವರೂ ಇದ್ದಾರೆ, ವಿಚಾರಿಸಿ. ಕಾಳನ್ನೇ ಕೊಂಡು, ಸಿಪ್ಪೆ ತೆಗೆಯುವ ಗಿರಣಿಯಲ್ಲಿ ಒಂದೇ ಸಲ ಹಾಕಿಸಿ, ತಿಂಗಳಿಗೆ ಬೇಕಾದಷ್ಟು ಮಾತ್ರ. ಐದಾರು ಗಂಟೆ ನೆನೆಸಿ, ಉದುರುದುರಾಗಿ ಬೇಯಿಸಬೇಕು, ಮುದ್ದೆಯಾಗುವಂತೆ ಕುಕ್ಕರಿನಲ್ಲಿ ಕೂಗಿಸಬಾರದು. ಅಳತೆ ಮೇಷ್ಟ್ರು ಹೇಳಿದ್ದೇ: ಅನ್ನಕ್ಕಿಂತ ಪಲ್ಯ ಹೆಚ್ಚು.